ಕ್ರೇನು ಮತ್ತು ಗೇಣೆತ್ತರದ ಪೆಟ್ಟಿಗೆ

ಒಂದು ಸಿನಿಮಾ ಸ್ಟುಡಿಯೋದಲ್ಲಿ ಗೇಣೆತ್ತರದ ಮರದ ಪೆಟ್ಟಿಗೆಯೊಂದಿತ್ತು. ಹೀರೋ ಕುಳ್ಳಗಿದ್ದರೆ ಅವನನ್ನು ಅದರ ಮೇಲೆ ನಿಲ್ಲಿಸಿ ಎತ್ತರ ಕಾಣಿಸುವುದು ಅಲ್ಲಿನ ವಾಡಿಕೆ. ಕ್ಯಾಮೆರಾ ಹೊತ್ತು ಮೇಲೇರುವ ಕ್ರೇನು ದಿನಾ ಹಂಗಿಸುತ್ತಿತ್ತು: "ತುಳಿಸಿಕೊಳ್ಳುವುದೇ ನಿನ್ನ ಹಣೆಬರಹ. ಕ್ಯಾಮೆರಾ ಏನಿದ್ದರೂ ನನ್ನ ಪಾಲಿನದು!"

ಅವತ್ತು ಕಸ ಗುಡಿಸುವ ಮುದುಕಿಯೊಬ್ಬಳು ಹತ್ತು ವರ್ಷದ ಕೇಸು ಗೆದ್ದು ಕೋರ್ಟಿನ ಮೆಟ್ಟಿಲಿಳಿಯುವ ದೃಶ್ಯ. ಅಂಗಳದಲ್ಲಿ ಸೆಟ್ ಹಾಕಿದ್ದರು. ಕ್ರೇನು ಮೂವತ್ತಡಿ ಮೇಲಿಂದ ನೋಡಿತು. ಪರದೆಯಲ್ಲಿ ಮುದುಕಿ ಇರುವೆಯಷ್ಟಾದಳು.

"ಇವಳು ಗೆದ್ದಳೋ ಸೋತಳೋ ಗೊತ್ತೇ ಆಗ್ತಿಲ್ವಲ್ರೀ!" ಎಂದು ನಿರ್ದೇಶಕರು ತಲೆ ಚಚ್ಚಿಕೊಂಡರು.

"ಆ ಪೆಟ್ಟಿಗೆ ಕೊಡಿ," ಎಂದ ಕ್ಯಾಮೆರಾಮನ್ ಧರಣೇಂದ್ರಯ್ಯ. ಮೆಟ್ಟಿಲ ಬುಡದಲ್ಲಿ ಅದನ್ನಿಟ್ಟು, ಮೇಲೆ ಕ್ಯಾಮೆರಾ ಕೂರಿಸಿ, ಅದರ ಮುಖ ಮೇಲೆತ್ತಿ, ತಾನು ನೆಲಕ್ಕೆ ಬೋರಲು ಬಿದ್ದ. ಭಾರ ಹೊರುವುದು ಪೆಟ್ಟಿಗೆಗೆ ಹೊಸದಲ್ಲ. ಆದರೆ ಇವತ್ತು ಅಲುಗಿದರೆ ಮುದುಕಿಯ ಗೆಲುವೇ ಅಲುಗುತ್ತಿತ್ತು. ಅದು ಉಸಿರು ಬಿಗಿಹಿಡಿಯಿತು.

ಮುದುಕಿ ಇಳಿದು ಬಂದಳು. ಪರದೆಯಲ್ಲಿ ಅವಳ ತಲೆ ಕೋರ್ಟಿನ ಕಂಬಗಳನ್ನೂ ಮೀರಿ ಆಕಾಶಕ್ಕೆ ತಾಗಿತು. ಅಂಗಳಕ್ಕೆ ಅಂಗಳವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕ್ರೇನು ಕತ್ತು ಬಗ್ಗಿಸಿ ಕೇಳಿತು: "ಅಷ್ಟು ಮೇಲೇರಿದ ನನ್ನಿಂದ ಆಗದ್ದು ನಿನ್ನಿಂದ ಹೇಗಾಯಿತಯ್ಯಾ?"

ಪೆಟ್ಟಿಗೆ ಹೇಳಿತು: "ಇಷ್ಟು ದಿನ ಹೀರೋಗಳನ್ನು ಹೊತ್ತು ನಿಂತೆ, ಅವರಿಗೆ ಸಿಕ್ಕಿದ್ದು ಗೇಣೆತ್ತರ. ಇವತ್ತು ಒಬ್ಬಳನ್ನು ಬರೀ ತಲೆಯೆತ್ತಿ ನೋಡಿದೆ ಸ್ವಾಮಿ, ಅವಳು ಮುಗಿಲು ಮುಟ್ಟಿದಳು."