ಗುಡಿಸಿದ ಮರಳು

ಆಮೆ ಹೊಳೆಯಿಂದ ಮೇಲೆ ಬರುವಷ್ಟರಲ್ಲಿ, ದಂಡೆಯ ಮರಳಲ್ಲಿ ಹೂತಿಟ್ಟಿದ್ದ ಮೊಟ್ಟೆಗಳು ಮಾಯವಾಗಿದ್ದವು. ಅದು ಅಳುತ್ತ ಕೂರಲಿಲ್ಲ. ಕತ್ತು ಚಾಚಿ ಗುಂಡಿಯ ಸುತ್ತ ಹೆಜ್ಜೆಗಳನ್ನು ಹುಡುಕತೊಡಗಿತು.

ದಂಡೆಯ ಕಾವಲಿಗಿದ್ದ ಮುಂಗುಸಿ ಓಡಿಬಂದು, "ಇದರಲ್ಲಿ ಹುಡುಕುವುದೇನಿದೆ? ಇಗೋ, ಉಡ ಬಾಲ ಎಳೆದುಕೊಂಡು ಹೋದ ಗೆರೆ! ಈಗಲೇ ಅದನ್ನು ಇಲ್ಲಿಂದ ಓಡಿಸೋಣ" ಎಂದಿತು.

"ನೀರು ಕುಡಿಯಲು ಬಂದಿದ್ದೆನಮ್ಮಾ, ಗುಂಡಿಯ ಹತ್ತಿರ ಸುಳಿದೇ ಇಲ್ಲ" ಎಂದು ಪಕ್ಕದ ಪೊದೆಯಿಂದ ಉಡ ತಲೆ ಹೊರಹಾಕಿ ಹೇಳಿತು.

ಆಮೆ ಆ ಗೆರೆಯ ಉದ್ದಕ್ಕೂ ನಡೆದು ನೋಡಿತು. ಅದು ನೇರ ನೀರಿಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿತ್ತು.

"ಕಾವಲುಗಾರನೇ, ಬೆಳಗಿನಿಂದ ನೀನೆಲ್ಲಿದ್ದೆ?"

"ಇನ್ನೆಲ್ಲಿ? ಈ ಗುಂಡಿಯನ್ನೇ ಸುತ್ತುತ್ತಿದ್ದೆ."

"ಹಾಗಾದರೆ ನಿನ್ನ ಹೆಜ್ಜೆಗಳೆಲ್ಲಿ?"

ಮುಂಗುಸಿ ಕೆಳಗೆ ನೋಡಿತು. ಗುಂಡಿಯ ಸುತ್ತ ಮರಳು ಪೊರಕೆಯಾಡಿಸಿದಂತೆ ನುಣ್ಣಗಿತ್ತು. "ಗಾಳಿ ಅಳಿಸಿರಬೇಕು" ಎಂದಿತು.

"ಅಲ್ಲೇ ಆಚೆ ಏಡಿಯ ಸಣ್ಣ ಹೆಜ್ಜೆಯನ್ನೂ ಉಳಿಸಿ, ನಿನ್ನದನ್ನು ಮಾತ್ರ ಅಳಿಸುವ ಗಾಳಿಯೇ?"

ಆ ನುಣ್ಣನೆಯ ಮರಳು ಪಟ್ಟಿಯಂತೆ ದಂಡೆಯ ಮೇಲಕ್ಕೆ ಸಾಗಿತ್ತು. ಆಮೆ ಅದನ್ನೇ ಹಿಡಿದು ಹೊರಟಿತು. ಮುಂಗುಸಿ ಅಡ್ಡ ನಿಂತು ಹಲ್ಲು ತೋರಿಸಿತು. ಆಮೆ ಚಿಪ್ಪಿನಿಂದ ಅದನ್ನು ನೂಕಿಕೊಂಡೇ ಮುಂದೆ ನಡೆಯಿತು. ಪಟ್ಟಿ ಕೊನೆಗೊಂಡದ್ದು ಮುಂಗುಸಿಯ ಬಿಲದ ಬಾಯಲ್ಲಿ. ಒಳಗೆ ಕೆಲವು ಮೊಟ್ಟೆಗಳು ಒಡೆದಿದ್ದವು, ಉಳಿದವು ಇನ್ನೂ ಬೆಚ್ಚಗಿದ್ದವು.

ಉಳಿದವನ್ನು ಒಂದೊಂದಾಗಿ ಹೊರಗೆ ಉರುಳಿಸುತ್ತ ಆಮೆ ಹೇಳಿತು: "ನೀನು ಗುಡಿಸದೆ ಬಿಟ್ಟಿದ್ದರೆ, ಕಾವಲುಗಾರನ ಹೆಜ್ಜೆಗಳಲ್ಲವೇ ಎಂದು ನಾನು ದಾಟಿಕೊಂಡು ಹೋಗುತ್ತಿದ್ದೆ."