ಬಳೆಗಾರನ ಕ್ಲಚ್ಚು

“ಒಂದು ಹಳೆಯ ಮೋಟಾರ್ ಸೈಕಲ್ಲು ರೈಲ್ವೆ ಗೇಟಿನ ಮುಂದೆ ನಿಂತಿದೆ. ಸವಾರ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದಿದ್ದಾನೆ. ಆದರೂ ಗಾಡಿ ಮುಂದಕ್ಕೆ ಜರುಗುತ್ತಿದೆ. ಏನಾಗಿರಬಹುದು, ಊಹಿಸು ನೋಡೋಣ.”

ಗುರುಗಳು ಹೀಗೆ ಕೇಳಿದಾಗ ಶಾಂತವೀರಪ್ಪ ತಬ್ಬಿಬ್ಬಾದ. ಅವನು ಕೇಳಿದ ಪ್ರಶ್ನೆಯೇ ಬೇರೆ. ಇಪ್ಪತ್ತು ವರ್ಷ ಊರಿನ ನಾಟಕದ ಮಾಸ್ತರನಾಗಿದ್ದವನು ಅವನು. ಈಗ ಆ ಕೆಲಸವನ್ನು ತನ್ನ ಶಿಷ್ಯನಿಗೆ ಒಪ್ಪಿಸಿದ್ದ. ಹೊಸ ಮಾಸ್ತರ ಪ್ರತಿ ತಾಲೀಮಿನಲ್ಲೂ ತಡವರಿಸುತ್ತಿದ್ದ. ಪಾತ್ರಧಾರಿಗಳು ಒಬ್ಬೊಬ್ಬರಾಗಿ ಬರುವುದನ್ನೇ ಬಿಡುತ್ತಿದ್ದರು. ಹೀಗೇ ಆದರೆ ಈ ವರ್ಷ ನಾಟಕವೇ ಇಲ್ಲ. “ನಾನು ಪೂರ್ತಿ ಬಿಟ್ಟುಕೊಟ್ಟಿದ್ದೇನೆ ಗುರುಗಳೇ. ಆದರೂ ಅವನಿಗೆ ಕೆಲಸ ಏಕೆ ಹಿಡಿತಕ್ಕೆ ಸಿಗುತ್ತಿಲ್ಲ?” ಇದು ಅವನ ಪ್ರಶ್ನೆ.

ಆದರೂ ಗುರುಗಳು ಕೇಳಿದ್ದಾರಲ್ಲ, ಊಹಿಸಿದ. “ರಸ್ತೆ ಇಳಿಜಾರಿರಬೇಕು.”

“ಸಮತಟ್ಟು. ಗೋಲಿ ಇಟ್ಟರೂ ಉರುಳುವುದಿಲ್ಲ.”

“ಹಾಗಾದರೆ ಸವಾರನಿಗೆ ಓಡಿಸಲು ಬರುವುದಿಲ್ಲ.”

“ಅವನ ಹೆಂಡತಿಯೂ ಅದನ್ನೇ ಅಂದಳು,” ಎಂದು ಗುರುಗಳು ನಕ್ಕರು. ಅವರು ಹಿಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಯಂತ್ರದ ಮಾತು ಬಂದರೆ ಅವರಿಗೆ ಊಟದ ನೆನಪಿರುವುದಿಲ್ಲ. ಕಾಲು ಮಡಚಿ ಸರಿಯಾಗಿ ಕೂತು ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಸಂತೆಯಿಂದ ಸಂತೆಗೆ ಹೋಗಿ ಬಳೆ ಮಾರುತ್ತಿದ್ದ. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಗಾಜಿನ ಬಳೆಯ ಪೆಟ್ಟಿಗೆ. ಹಾಗೆ ಇಬ್ಬರೂ ಮಾತಾಡಿಕೊಂಡು ಹೋಗುವುದೇ ಅವನಿಗೆ ದಿನದ ಸುಖ. ಒಂದು ದಿನ ಗೇಟು ಬಿದ್ದಿತ್ತು. ಅವನು ನ್ಯೂಟ್ರಲ್ಲಿಗಾಗಿ ಕಾಲಿನಲ್ಲಿ ತಡಕಾಡಿದ. ಒತ್ತಿದರೆ ಮೊದಲ ಗೇರು, ಎತ್ತಿದರೆ ಎರಡನೆಯದು, ನಡುವಿನದು ಮಾತ್ರ ಸಿಗದು. ಕ್ಲಚ್ಚು ಹಿಡಿದೇ ಇದ್ದರೂ ಗಾಡಿ ಗೇಟಿನ ಕಡೆಗೆ ತೆವಳಿತು. ಗಾಬರಿಯಿಂದ ಬ್ರೇಕು ಮೆಟ್ಟಿದ. ಗಾಡಿ ಮುಗ್ಗರಿಸಿ ನಿಂತಿತು. ಪೆಟ್ಟಿಗೆಯೊಳಗೆ ಬಳೆಗಳು ಒಡೆದ ಸದ್ದು ಕೇಳಿತು.

ಹೆಂಡತಿ ಇಳಿದಳು. “ಇನ್ನು ನಾನು ಬಸ್ಸಿನಲ್ಲಿ ಬರುತ್ತೇನೆ. ನೀವೂ ನಿಮ್ಮ ಗಾಡಿಯೂ ಮಾತಾಡಿಕೊಂಡು ಬನ್ನಿ,” ಎಂದಳು.

ಬಳೆಗಾರನಿಗೆ ಗಾಡಿ ಬೇಕಿತ್ತು, ಹಿಂದಿನ ಸೀಟಿನಲ್ಲಿ ಹೆಂಡತಿಯೂ ಬೇಕಿತ್ತು. ಅವನು ಕ್ಲಚ್ಚಿನ ಕೇಬಲ್ಲು ಬದಲಿಸಿದ. ತೊಂದರೆ ಹೋಗಲಿಲ್ಲ. ಎಣ್ಣೆ ದಪ್ಪವಾಗಿ ಅಂಟುತ್ತಿರಬೇಕೆಂದು ತೆಳು ಎಣ್ಣೆ ಹಾಕಿದ. ಬೆಳಿಗ್ಗೆ ಅಂಗಳದಲ್ಲಿ ಸರಿಯಾಗಿದ್ದದ್ದು, ಬಿಸಿಯಾದೊಡನೆ ಮತ್ತೆ ಅದೇ ರಾಗ. ಕೊನೆಗೆ ಪಕ್ಕದ ಮುಚ್ಚಳ ಬಿಚ್ಚಿದ.

“ಒಳಗೆ ಏನಿರುತ್ತದೆ ಗೊತ್ತೇ? ಗೊತ್ತಿದ್ದರೂ ಕೇಳು, ನನಗೆ ಹೇಳುವ ಆಸೆ,” ಎಂದರು ಗುರುಗಳು. “ಒಂದರ ಮೇಲೊಂದು ಪ್ಲೇಟುಗಳು. ಕೆಲವು ಎಂಜಿನ್ನಿನ ಕಡೆಯವು, ಕೆಲವು ಗೇರಿನ ಕಡೆಯವು. ಮೂರು ಸ್ಪ್ರಿಂಗುಗಳು ಅವನ್ನು ಅಪ್ಪಿ ಹಿಡಿದಿರುತ್ತವೆ. ನೀನು ಕ್ಲಚ್ಚು ಒತ್ತಿದರೆ ಮೇಲಿನ ತಟ್ಟೆ ಎದ್ದು, ಅಪ್ಪುಗೆ ಬಿಡುತ್ತದೆ. ಬಿಟ್ಟರೆ ಚಕ್ರ ಸ್ವತಂತ್ರ. ಬಿಡದಿದ್ದರೆ ಎಂಜಿನ್ನು ಅದನ್ನು ಎಳೆಯುತ್ತಲೇ ಇರುತ್ತದೆ. ಆ ಎಳೆತದಲ್ಲಿ ನ್ಯೂಟ್ರಲ್ಲು ಎಲ್ಲಿಂದ ಸಿಗಬೇಕು?”

ಕೈಯಲ್ಲಿ ಕ್ಲಚ್ಚು ಒತ್ತಿ, ಪ್ಲೇಟು ತಿರುಗಲೆಂದು ಕಾಲಿನಲ್ಲಿ ಕಿಕ್ಕು ಮೆಟ್ಟುವವನು ಬಗ್ಗಿ ನೋಡಲಾರ. ಬಳೆಗಾರ ಹೆಂಡತಿಯನ್ನು ಕರೆದ. ಅವಳು ಸೆರಗು ಸಿಕ್ಕಿಸಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು.

“ಅನ್ನ ಕುದಿಯುವಾಗ ಮುಚ್ಚಳ ಒಂದೇ ಮಗ್ಗುಲು ಏಳುತ್ತದಲ್ಲ, ಹಾಗೆ ಎದ್ದಿದೆ. ಇತ್ತ ಬಾಯಿ ಬಿಟ್ಟಿದೆ, ಅತ್ತ ಕಚ್ಚಿಕೊಂಡೇ ಇದೆ. ಕಚ್ಚಿಕೊಂಡ ಕಡೆಯ ಸ್ಪ್ರಿಂಗು ಹೊಳೆಯುತ್ತಿದೆಯಲ್ಲ ರೀ?”

“ಅದೊಂದು ಮುರಿದಿತ್ತು. ಹೊಸದು ಹಾಕಿ, ಇನ್ನೆಂದೂ ಜಾರಬಾರದೆಂದು ಚೆನ್ನಾಗಿ ಬಿಗಿದೆ. ಉಳಿದ ಎರಡು ಹಳೆಯವು, ಸುಸ್ಥಿತಿಯಲ್ಲಿದ್ದವು.”

“ಹಾಗಾದರೆ ಅದನ್ನು ಸಡಿಲಿಸಿ.”

“ಸಡಿಲಿಸಿದರೆ ಏರಿನಲ್ಲಿ ಕ್ಲಚ್ಚು ಜಾರುತ್ತದೆ. ಗಾಡಿ ಹತ್ತುವುದಿಲ್ಲ.”

“ಹತ್ತದಿದ್ದರೆ ಇಳಿದು ಇಬ್ಬರೂ ತಳ್ಳೋಣ. ಗೇಟಿನಡಿ ನುಗ್ಗಿದರೆ ತಳ್ಳುವುದಕ್ಕೆ ಯಾರಿರುತ್ತಾರೆ?”

ಬಳೆಗಾರ ಸ್ಕ್ರೂಡ್ರೈವರು ಹಿಡಿದು ಹೊಸ ಸ್ಪ್ರಿಂಗನ್ನು ತುಸು ಸಡಿಲಿಸಿದ, ಹಳೆಯವನ್ನು ತುಸು ಬಿಗಿದ. ಕ್ಲಚ್ಚು ಒತ್ತಿದ. “ಇನ್ನೂ ವಾರೆ,” ಎಂದಳು. ಮತ್ತೆ ಸಡಿಲಿಸಿದ, ಮತ್ತೆ ಬಿಗಿದ. ಅವಳು ವಾರೆ ಅನ್ನುವುದನ್ನು ನಿಲ್ಲಿಸುವವರೆಗೂ ಬಿಡಲಿಲ್ಲ. ತಟ್ಟೆ ಸುತ್ತಲೂ ಒಂದೇ ಸಮ ಎದ್ದು, ಒಂದೇ ಸಮ ಕೂತಿತು.

ಸಂತೆಯ ದಿನ ಅವಳು ಪೆಟ್ಟಿಗೆ ಹಿಡಿದು ಬಂದು ಹಿಂದೆ ಕೂತಳು. ಏರಿನಲ್ಲಿ ಗಾಡಿ ಜಾರಲಿಲ್ಲ. ಗೇಟು ಬಿದ್ದಿತ್ತು. ಅವನು ಕಾಲಿನ ಹೆಬ್ಬೆರಳ ತುದಿಯಿಂದ ಗೇರನ್ನು ಮುಟ್ಟಿದ. ಟಕ್ ಎಂದಿತು. ಕ್ಲಚ್ಚಿನಿಂದ ಕೈ ತೆಗೆದ. ಎಂಜಿನ್ನು ತನ್ನಷ್ಟಕ್ಕೆ ಗುಡುಗುಡು ಎನ್ನುತ್ತಿತ್ತು, ಗಾಡಿ ಕದಲಲಿಲ್ಲ. ಹೆಂಡತಿ ಅವನ ಭುಜದಿಂದ ಕೈ ತೆಗೆದು ಕೂದಲು ಸರಿಮಾಡಿಕೊಂಡಳು. ರೈಲು ಹೋಯಿತು, ಗೇಟು ಎದ್ದಿತು. ಬಳೆಗಾರನಿಗೆ ಹೊರಡುವ ನೆನಪೇ ಇಲ್ಲ. ಹಿಂದಿನ ಲಾರಿಯವನು ಹಾರ್ನು ಹೊಡೆದು ಬೈಯಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರಪ್ಪ ತುಸು ನೊಂದವನಂತೆ ಹೇಳಿದ: “ನಾನು ಹಾರ್ಮೋನಿಯಂ ಪೇಟಿ ಕೊಟ್ಟೆ. ಪಾತ್ರ ಹಂಚುವ ಅಧಿಕಾರ ಕೊಟ್ಟೆ. ಬಿಗಿದ ಸ್ಪ್ರಿಂಗು ನನ್ನಲ್ಲಿ ಇನ್ನು ಯಾವುದು ಉಳಿದಿದೆ ಗುರುಗಳೇ?”

“ಮೊನ್ನೆಯ ತಾಲೀಮಿನಲ್ಲಿ ಹೊಸ ಮಾಸ್ತರ ಬಾಯಿ ತೆರೆಯುವ ಮೊದಲೇ ನೀನು ಪರದೆಯ ಹಿಂದಿನಿಂದ ಪದ ಎತ್ತಿಕೊಟ್ಟೆಯಲ್ಲ, ಆ ಸ್ಪ್ರಿಂಗು. ಬಳೆಗಾರ ಗೇಟಿನ ಮುಂದೆ ಕ್ಲಚ್ಚಿನಿಂದ ಕೈಬಿಟ್ಟು ನಿಂತದ್ದೂ ಅದೇ ದಿನ ಶಾಂತವೀರ, ಕಾರ್ತಿಕ ಶುದ್ಧ ದಶಮಿ, ಬುಧವಾರ.”