ನೀಲಗಾರ ಸಂಕವ್ವನ ಬಿಳಿ ನಾಯಿ

ಬಹಳ ಹಿಂದೆ, ನಮ್ಮ ಅಜ್ಜಿಗೂ ಸರಿಯಾಗಿ ನೆನಪಿಲ್ಲದಷ್ಟು ಹಿಂದೆ, ಹಳ್ಳದ ದಂಡೆಯ ತೊರೆಹಾಳ ಎಂಬ ಊರಿನಲ್ಲಿ ಸಂಕವ್ವ ಎಂಬ ಹೆಂಗಸು ಇದ್ದಳಂತೆ. ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಅಂಥವರನ್ನು ನಮ್ಮ ಕಡೆ ನೀಲಗಾರರು ಎನ್ನುತ್ತಾರೆ. ನೀಲಿಯ ಬಾನಿಯಲ್ಲಿ ದಿನವೂ ಕೈ ಅದ್ದಿ ಅದ್ದಿ ಅವಳ ಕೈ ಮೊಣಕೈವರೆಗೂ ನೀಲಿಯಾಗಿತ್ತಂತೆ. ಬಾನಿ ಎಂದರೆ ನೆಲದಲ್ಲಿ ಹೂತ ದೊಡ್ಡ ಮಡಕೆ. ಪಾರಿವಾಳದ ಕುತ್ತಿಗೆ ತೋರಿಸಿದರೆ ಆ ಬಣ್ಣವನ್ನೇ ನೂಲಿಗೆ ಇಳಿಸುತ್ತಿದ್ದಳು ಎನ್ನುತ್ತಾರೆ. ಅವಳು ಕೈ ತೊಳೆದರೆ ಹಳ್ಳದ ಮೀನು ನೀಲಿಯಾಗುತ್ತಿದ್ದವು ಎಂದೂ ಹೇಳುತ್ತಾರೆ. ಅಷ್ಟು ಇರಲಿಕ್ಕಿಲ್ಲ, ಒಂದೆರಡು ಮೀನು ಆಗಿರಬಹುದು.

ಆ ಊರಿನ ವಾಡೆಯಲ್ಲಿ ರುದ್ರಗೌಡ ದೇಸಾಯಿ ಇದ್ದ. ವಾಡೆ ಎಂದರೆ ದೇಸಾಯರ ದೊಡ್ಡ ಮನೆ. ಊರು ಬಿಟ್ಟು ಹೋಗುವಾಗ ಒಬ್ಬ ಇಂಗ್ಲಿಷ್ ದೊರೆ ಅವನಿಗೆ ಒಂದು ಜೋಡಿ ಬಾಕ್ಸರ್ ನಾಯಿ ಕೊಟ್ಟು ಹೋಗಿದ್ದನಂತೆ. ಅಂಥ ನಾಯಿಯನ್ನು ಊರವರು ಕಂಡಿರಲಿಲ್ಲ. ಅವುಗಳ ಮೂತಿ ಚಪ್ಪಟೆ. ಗೋಡೆಗೆ ಹೋಗಿ ಬಡಿದುಕೊಂಡವೇನು ಎಂದು ಜನ ಕೇಳಿದರಂತೆ. ಮೈ ಗೋಧಿಯ ಬಣ್ಣ, ಮೂತಿ ಕಪ್ಪು, ಎದೆಯ ಮೇಲೆ ಮತ್ತು ಪಾದಗಳಲ್ಲಿ ಮಾತ್ರ ಬಿಳಿ. ಗಂಡು, ಹೆಣ್ಣು ಎರಡಕ್ಕೂ ಹಾಗೆಯೇ. ಈ ಬಿಳಿಯ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಈ ಜಾತಿಯ ನಾಯಿ ಗೋಧಿ ಬಣ್ಣದ್ದಿರಬೇಕು, ಇಲ್ಲವೇ ಹುಲಿಯ ಹಾಗೆ ಪಟ್ಟೆಯದಿರಬೇಕು, ಬೇರೆ ಬಣ್ಣದ್ದು ಹುಟ್ಟಿದರೆ ಜಾತಿ ಕೆಟ್ಟಂತೆ ಎಂದು ದೊರೆ ಹೇಳಿ ಹೋಗಿದ್ದ. ದೇಸಾಯಿಗೆ ದೊರೆಯ ಮಾತು ಶಾಸನ. ಬೇರೆ ಬಣ್ಣದ ಮರಿಯನ್ನು ಚೀಲದಲ್ಲಿ ಕಟ್ಟಿ ಮಡುವಿಗೆ ಹಾಕಬೇಕು, ಹೆತ್ತ ತಾಯಿಯನ್ನು ಊರ ಹೊರಗೆ ಅಟ್ಟಬೇಕು ಎಂದು ಅವನು ಮೊದಲೇ ಅಪ್ಪಣೆ ಮಾಡಿಟ್ಟಿದ್ದ.

ಹೆಣ್ಣು ನಾಯಿ ಮರಿ ಹಾಕಿತು. ನಾಲ್ಕು ಮರಿ. ಮೂರು ಗೋಧಿ ಬಣ್ಣದವು. ನಾಲ್ಕನೆಯದು ಹಿಂಜಿದ ಅರಳೆಯ ಹಾಗೆ ಅಚ್ಚ ಬಿಳಿ.

ನಾಯಿಗಳನ್ನು ನೋಡಿಕೊಳ್ಳುವ ದುರಗಪ್ಪ ಎದೆ ಬಡಿದುಕೊಂಡ. ಹೆಣ್ಣು ನಾಯಿಯನ್ನು ಅವನು ಒಂದು ದಿನವೂ ಹೊರಗೆ ಬಿಟ್ಟಿರಲಿಲ್ಲ. ಆದರೆ ಕೇಳುವವರು ಯಾರು? ಒಂದೇ ಸಮಾಧಾನವಿತ್ತು. ಮರಿಗಳು ತಾವೇ ನಡೆದು ಅಂಗಳಕ್ಕೆ ಇಳಿಯುವವರೆಗೆ ಯಜಮಾನ ಅವನ್ನು ನೋಡುವ ಪದ್ಧತಿ ಆ ವಾಡೆಯಲ್ಲಿ ಇರಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಮರಿಗಳು ಕಾಲೂರುತ್ತಲೇ ಅವನು ಬಿಳಿಯದನ್ನು ಧೋತರದ ಮಡಿಲಲ್ಲಿ ಮುಚ್ಚಿಕೊಂಡು ಸಂಕವ್ವನ ಮನೆಗೆ ಓಡಿದ.

"ಯಕ್ಕಾ, ಇದಕ್ಕ ಗೋಧಿ ಬಣ್ಣಾ ಹಾಕಿ ಕೊಡು" ಎಂದನಂತೆ.

"ನಿನಗ ಹುಚ್ಚು ಹಿಡದೈತೇನೋ? ನಾ ನೂಲಿಗೆ ಹಾಕಾಕಿ. ಇದು ಉಸರಾಡತೈತಿ" ಎಂದಳು ಸಂಕವ್ವ.

"ನಾಳಿಗೆ ಧಣೇರು ನೋಡ್ತಾರ. ಉಸರಾಡೂದು ನಾಳಿಗೇ ನಿಲ್ಲತೈತಿ."

ಸಂಕವ್ವ ಮರಿಯನ್ನು ಕೈಗೆ ತೆಗೆದುಕೊಂಡಳು. ಅದು ಅವಳ ನೀಲಿ ಬೆರಳನ್ನು ಚೀಪಿತು. ದಾಳಿಂಬೆ ಸಿಪ್ಪೆ ಕುದಿಸಿದಳು, ಕಾಚು ಕದಡಿದಳು, ಉಗುರು ಬೆಚ್ಚಗೆ ಆರಿಸಿ ಮರಿಯನ್ನು ಅದ್ದಿದಳು. ಎದೆ, ಪಾದಗಳನ್ನು ಬಿಳಿಯಾಗಿಯೇ ಬಿಟ್ಟಳು. ಮೂತಿಗೆ ಕಣ್ಣಿನ ಕಾಡಿಗೆ ಹಚ್ಚಿದಳು. ಬಣ್ಣ ನಿಂತಿತೋ ಇಲ್ಲವೋ ಎಂದು ಹಳ್ಳದ ನೀರಲ್ಲಿ ತೊಳೆದೂ ನೋಡಿದಳು. ನೀಲಗಾರರು ಹಾಗೆಯೇ ಪರೀಕ್ಷೆ ಮಾಡುವುದು. ಬಣ್ಣ ನಿಂತಿತ್ತು.

ಮರುದಿನ ದೇಸಾಯಿ ಮರಿಗಳನ್ನು ನೋಡಿದ. ಆ ಮರಿಯನ್ನೇ ಎತ್ತಿಕೊಂಡ. ಇಷ್ಟು ಒಳ್ಳೆಯ ಬಣ್ಣ ಅದರ ಅಪ್ಪನಿಗೂ ಇಲ್ಲ, ಇದು ನನಗಿರಲಿ ಎಂದು ತೊಡೆಯ ಮೇಲೆ ಕೂರಿಸಿಕೊಂಡನಂತೆ.

ಸಂಕವ್ವ ತಪ್ಪಿದ್ದು ಒಂದೇ ಕಡೆ. ನೂಲಿಗೆ ತಾಯಿ ಇರುವುದಿಲ್ಲ, ಮರಿಗೆ ಇರುತ್ತದೆ. ನೀರಿಗೆ ಹೋಗದ ಬಣ್ಣ ತಾಯಿಯ ನಾಲಿಗೆಗೆ ಹೋಯಿತು. ಹೆಣ್ಣು ನಾಯಿ ನೆಕ್ಕಿತು, ನೆಕ್ಕಿತು, ನೆಕ್ಕುತ್ತಲೇ ಇತ್ತು. ಬೆಳಗಾಗುವಷ್ಟರಲ್ಲಿ ಅದರ ನಾಲಿಗೆ ಹಳದಿಯಾಯಿತು. ದೇಸಾಯಿ ಅದನ್ನು ಕಂಡು ನಾಯಿಗೆ ಕಾಮಾಲೆಯಾಗಿದೆ ಎಂದು ಗಾಬರಿಯಾಗಿ, ಕಾಮಾಲೆಯ ಔಷಧಿ ಅರೆಸಿ, ಬಟ್ಟಲು ಹಿಡಿದು ತಾನೇ ಬಂದನಂತೆ. ಬಂದು ನೋಡಿದರೆ ಅವನ ಮುದ್ದಿನ ಮರಿ ಅರ್ಧ ಸುಲಿದ ಬಾಳೆಹಣ್ಣಿನ ಹಾಗೆ ಕುಳಿತಿತ್ತು.

ಸಂಕವ್ವನಿಗೆ ಕರೆ ಹೋಯಿತು. ವಾಡೆಯ ಆಳುಗಳೆಲ್ಲ ಗೋಡೆಗೆ ಅಂಟಿ ನಿಂತಿದ್ದರು. ದುರಗಪ್ಪನ ಕೈಯಲ್ಲಿ ಚೀಲ ಕೊಟ್ಟಿದ್ದರು.

"ನನ್ನ ನಾಯಿಗೆ ಬಣ್ಣಾ ಬಳದಿ ಏನ?"

"ಹೂಂರಿ ಧಣಿ."

"ಯಾಕ?"

"ನಿನ್ನೆ ನೀವು ತೊಡಿ ಮ್ಯಾಲ ಕುಂದರಿಸಿಕೊಂಡಿದ್ದು ಇದನ್ನರಿ. ಇವತ್ತೂ ಇದು ಅದ ಐತ್ರಿ."

ಆಗ ದೇಸಾಯಿ ಗುಡುಗಿದ. ಅವನು ಗುಡುಗಿದರೆ ಹಗ್ಗ ಹರಿದುಕೊಂಡು ಎತ್ತುಗಳು ಓಡುತ್ತಿದ್ದವು ಎನ್ನುತ್ತಾರೆ. ಆಳುಗಳು ಕುಗ್ಗಿದರು, ತಾಯಿ ನಾಯಿ ಮೂಲೆ ಸೇರಿತು, ಉಳಿದ ಮೂರು ಮರಿ ಅದರ ಹೊಟ್ಟೆಯ ಕೆಳಗೆ ನುಸುಳಿದವು. ಬಿಳಿ ಮರಿ ಮಾತ್ರ ಹಿಂದಿನ ಭಾಗವನ್ನೆಲ್ಲ ಅಲ್ಲಾಡಿಸುತ್ತ ನೇರ ಅವನ ಹತ್ತಿರ ಬಂತು. ಅವನು ಮತ್ತೆ ಗುಡುಗಿದ. ಅದು ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು.

ದೇಸಾಯಿ ಬಗ್ಗಿ ಅದರ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದ. ಮರಿ ಅಲುಗಲಿಲ್ಲ. ಅದಕ್ಕೆ ಕಿವಿ ಕೇಳುತ್ತಿರಲಿಲ್ಲ. ಅಚ್ಚ ಬಿಳಿಯಾಗಿ ಹುಟ್ಟಿದ ಆ ಜಾತಿಯ ಕೆಲವು ಮರಿಗಳು ಹಾಗಿರುತ್ತವೆ.

ವಾಡೆಯಲ್ಲಿ ಅವನಿಗೆ ಹೆದರದೆ ಹತ್ತಿರ ಬಂದ ಮೊದಲ ಜೀವ ಅದು ಎನ್ನುತ್ತಾರೆ. ಅವನು ಬಹಳ ಹೊತ್ತು ಕಾಲು ಎಳೆದುಕೊಳ್ಳಲಿಲ್ಲವಂತೆ. ಕೊನೆಗೆ, ಚೀಲ ಒಳಗಿಡು ಎಂದು ದುರಗಪ್ಪನಿಗೆ ಮೆಲ್ಲಗೆ ಹೇಳಿದ. ತಾಯಿ ಇಲ್ಲಿಯೇ ಇರಲಿ, ಇದನ್ನು ನೀನು ಒಯ್ಯಿ, ಆದರೆ ಇನ್ನು ಮೇಲೆ ನಾಯಿಗೆ ಬಣ್ಣ ಹಾಕಿದರೆ ನೋಡು ಎಂದು ಸಂಕವ್ವನಿಗೆ ಹೇಳಿದ.

ಅವಳು ಹಾಕಲಿಲ್ಲ. ಬಿಸಿಲಿಗೆ ಬಿಳಿ ನಾಯಿಯ ತೊಗಲು ಸುಡುತ್ತದೆ ಎಂದು ನೀಲಿ ಅಂಗಿ ಹೊಲಿದು ತೊಡಿಸಿದಳು. ದೇಸಾಯಿ ಕೇಳಿದರೆ, "ನಾಯಿಗೆ ಹಾಕಬ್ಯಾಡ ಅಂದಿದ್ರಿ, ಅಂಗಿಗೆ ಅಂದಿದ್ದಿಲ್ಲಲ್ಲರಿ" ಎಂದಳಂತೆ. ಅವನು ಅತ್ತ ತಿರುಗಿ ನಕ್ಕನಂತೆ.

ಮುಂದಿನ ಸಲವೂ ಅದೇ ಜೋಡಿಗೆ ಒಂದು ಬಿಳಿ ಮರಿ ಹುಟ್ಟಿತು. ತಂದೆ ತಾಯಿ ಇಬ್ಬರ ಎದೆಯ ಬಿಳಿಯೂ ಒಂದೇ ಮರಿಗೆ ಬಂದರೆ ಹಾಗಾಗುತ್ತದೆ ಎಂದು ಜನ ಮಾತಾಡಿಕೊಂಡರು. ಈ ಸಲ ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಸಂಕವ್ವನ ಬಾಗಿಲಿಗೆ ಬಂದವನು ದೇಸಾಯಿಯೇ ಎನ್ನುತ್ತಾರೆ.

ಕಿವಿ ಕೇಳದ ನಾಯಿಯನ್ನು ಕರೆಯುವುದು ಹೇಗೆ? ಸಂಕವ್ವ ಅಂಗೈಯಿಂದ ನೆಲ ತಟ್ಟುತ್ತಿದ್ದಳು. ನೆಲದ ನಡುಕ ಪಾದಕ್ಕೆ ತಿಳಿದು ನಾಯಿ ಓಡಿ ಬರುತ್ತಿತ್ತು. ಸಂಕವ್ವ ಹೋದಳು, ನಾಯಿಯೂ ಹೋಯಿತು, ವಾಡೆಯೂ ಬಿತ್ತು. ಆದರೂ ತೊರೆಹಾಳದಲ್ಲಿ ನಾಯಿಗೆ ರೊಟ್ಟಿ ಹಾಕುವವರು ಇಂದಿಗೂ ಮೊದಲು ಬಗ್ಗಿ ನೆಲ ತಟ್ಟುತ್ತಾರೆ, ಎಷ್ಟು ಚುರುಕು ಕಿವಿಯ ನಾಯಿಯಾದರೂ ಸರಿ. ಅಲ್ಲಿಗೆ ಸೊಸೆಯಾಗಿ ಬಂದ ಹುಡುಗಿಯರು ಮೊದಮೊದಲು ನಗುತ್ತಾರೆ. ಆಮೇಲೆ ಅವರೂ ತಟ್ಟುತ್ತಾರೆ.